ಎಂಟನೇ ಕಿಲೋಮೀಟರಿನ ಜೋಮು

ಹೋದ ತಿಂಗಳು ನಾಗಮಂಗಲದಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋಗುತ್ತಿದ್ದಾಗ ನಮ್ಮ ಬಸ್ಸು ನಡುದಾರಿಯಲ್ಲಿ ನಿಂತುಬಿಟ್ಟಿತು. ರಸ್ತೆಯ ಮುಕ್ಕಾಲು ಭಾಗಕ್ಕೆ ಹುರುಳಿ ಹರವಿದ್ದರು. ನಮ್ಮ ಕಡೆ ಕಣ ಮಾಡಿ ಒಕ್ಕುವುದು ಹೆಚ್ಚುಕಡಿಮೆ ನಿಂತೇಹೋಗಿದೆ. ಮಾಗಿ ಬಂತೆಂದರೆ ರಾಗಿ, ಹುರುಳಿ ಎಲ್ಲ ಡಾಂಬರು ರಸ್ತೆಗೇ ಬೀಳುತ್ತದೆ, ಹೋಗಿಬರುವ ಗಾಡಿಗಳೇ ತುಳಿದು ಒಕ್ಕಿ ಕೊಡುತ್ತವೆ. ಅವತ್ತು ಹುರುಳಿ ಬಳ್ಳಿ ಬಸ್ಸಿನ ಅಡಿಯಲ್ಲಿ ಸುತ್ತಿಕೊಂಡಿತ್ತು. ಡ್ರೈವರು ಹೊಲದವರ ಹತ್ತಿರವೇ ಕುಡುಗೋಲು ಇಸಿದುಕೊಂಡು ಕುಯ್ಯುತ್ತಾ ಕೂತ. ಜನ ಗೊಣಗುತ್ತಾ ಇಳಿದರು, ನಾನೂ ಇಳಿದೆ. ಜಜ್ಜಿದ ಹುರುಳಿಯ ಆ ಒಣ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ಎರಡು ವರ್ಷದ ಹಿಂದಿನ ಚಳಿಗಾಲ ಪೂರ್ತಿ ನೆನಪಿಗೆ ಬಂತು.

ನಾನು ಪಾಂಡವಪುರದ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್ನು. ಖಾಲಿ ಹೊಟ್ಟೆಯಲ್ಲಿ ಬಂದವರ ತೋಳಿಗೆ ರಬ್ಬರು ಕಟ್ಟಿ, "ಏನಾಗಲ್ಲ, ಇರುವೆ ಕಚ್ಚಿದಂಗೆ" ಎಂದು ಸುಳ್ಳು ಹೇಳಿ ರಕ್ತ ತೆಗೆಯುವುದು ನನ್ನ ಕೆಲಸ. ಬೆಳಗ್ಗೆ ಏಳಕ್ಕೆ ಹೋದರೆ ಮಧ್ಯಾಹ್ನ ಎರಡಕ್ಕೆ ಬಿಡುಗಡೆ. ಮಗಳು ಸಿಂಚನಾಳನ್ನು ಸ್ಕೇಟಿಂಗ್ ಕ್ಲಾಸಿಗೆ ಸೇರಿಸಿದ್ದೆ. ಮೂರು ತಿಂಗಳಿಗೆ ಅವಳು ಬಿಟ್ಟಳು, ಅವಳನ್ನು ಕರೆದುಕೊಂಡು ಹೋಗುತ್ತಿದ್ದ ನಾನು ಹಿಡಿದುಕೊಂಡೆ. ನಲವತ್ತು ದಾಟಿದ ಹೆಂಗಸು ಮಕ್ಕಳ ನಡುವೆ ಗೋಡೆ ಹಿಡಿದು ನಿಂತದ್ದನ್ನು ನೋಡಿ ಊರು ನಕ್ಕಿತು. ನಕ್ಕುಕೊಳ್ಳಲಿ ಎಂದುಕೊಂಡೆ. ನಿಂತೇ ಕೆಲಸ ಮಾಡುವ ನನ್ನ ಸೊಂಟಕ್ಕೆ, ಎಲ್ಲದಕ್ಕೂ ಸಿಡುಕುವ ನನ್ನ ತಲೆಗೆ ಅದರಷ್ಟು ಒಳ್ಳೆಯ ಔಷಧಿ ಬೇರೆ ಸಿಕ್ಕಿರಲಿಲ್ಲ. ಯಾರೋ ಬಳಸಿ ಬಿಟ್ಟ ಒಂದು ಜೊತೆ ಸ್ಕೇಟ್ಸ್ ಮೈಸೂರಿನಿಂದ ತಂದುಕೊಂಡೆ. ಮೈದಾನದಲ್ಲಿ ಸುತ್ತು ಹಾಕುವುದು ಬೇಜಾರಾಗಿ ನಾಲೆ ಏರಿಯ ಮೇಲಿನ ಹೊಸ ಡಾಂಬರು ರಸ್ತೆಗೆ ಇಳಿದೆ. ಒಂದು ಕಡೆ ನಾಲೆ ನೀರು, ಅದರ ಕೆಳಗೆ ಭತ್ತ, ಕಬ್ಬು. ಇನ್ನೊಂದು ಕಡೆ ನೀರು ಹತ್ತದ ದಿಣ್ಣೆ, ಅಲ್ಲಿ ರಾಗಿ, ಹುರುಳಿ. ಸಂಜೆ ನಾಲ್ಕೂವರೆಗೆ ಹೊರಟರೆ ಐದಾರು ಕಿಲೋಮೀಟರು, ಭಾನುವಾರವಾದರೆ ಹತ್ತರ ಮೇಲೆ.

ಜೋಮು ಶುರುವಾದದ್ದು ಆ ವರ್ಷ ದಸರಾ ಕಳೆದ ಮೇಲೆ. ಏರಿಯ ಮೇಲೆ ಕಿಲೋಮೀಟರ್ ಕಲ್ಲು ನೆಟ್ಟಿದ್ದಾರೆ. ಎಂಟನೇ ಕಲ್ಲು ಹತ್ತಿರವಾಗುವ ಹೊತ್ತಿಗೆ ಬಲಗಾಲಿನ ಬೆರಳುಗಳು ಇದ್ದೂ ಇಲ್ಲದಂತಾದವು. ಆಮೇಲೆ ಎಡಗಾಲಿನವು. ಕೂತು ಬಿಚ್ಚಿ ಉಜ್ಜಿಕೊಂಡೆ, ಸ್ವಲ್ಪ ಹೊತ್ತಿಗೆ ಸರಿಹೋಯಿತು. ಮುಂದಿನ ಭಾನುವಾರವೂ ಅದೇ ಜಾಗದಲ್ಲಿ ಅದೇ ಕಥೆ. ಆ ಕಲ್ಲಿನ ಮೇಲೆ ಕೂತಾಗ ನನಗೆ ಅಪ್ಪ ನೆನಪಾದರು.

ನನ್ನ ತವರು ಪಾಲಹಳ್ಳಿ. ಅಪ್ಪ ಕಬ್ಬು ಬೆಳೆಯುತ್ತಿದ್ದವರು. ಒಂದು ವರ್ಷ ಪೂರ್ತಿ "ಬೆರಳೆಲ್ಲ ಜೋಮು ಇಡ್ದಂಗೆ ಆಯ್ತದೆ ಕಣವ್ವ" ಎನ್ನುತ್ತಿದ್ದರು. ನಾನು ಆಗತಾನೇ ಕೆಲಸಕ್ಕೆ ಸೇರಿದ್ದೆ. ಊರಿನವರ ರಕ್ತವನ್ನೆಲ್ಲ ತೆಗೆಯುತ್ತಿದ್ದವಳು ಅಪ್ಪನಿಗೆ ಹೇಳಿದ್ದು, "ಚಪ್ಪಲಿ ಬಿಗಿಯಾಗಿರ್ಬೇಕು, ದೊಡ್ಡದು ತಗೊ ಅಪ್ಪ" ಎಂದು. ಒಂದು ಸಂಜೆ ಅವರು ಗದ್ದೆಯಿಂದ ಬಂದಾಗ ಜಗಲಿಯ ಮೇಲೆಲ್ಲ ರಕ್ತದ ಹೆಜ್ಜೆ. ಜಾಲಿ ಮುಳ್ಳು ಚಪ್ಪಲಿ ತೂರಿ ಅಂಗಾಲಿನೊಳಗೆ ಹೊಕ್ಕಿತ್ತು. ಬೆಳಗ್ಗೆಯಿಂದ ಅದರ ಮೇಲೇ ಓಡಾಡಿದ್ದಾರೆ. "ಏನೂ ಗೊತ್ತೇ ಆಗ್ನಿಲ್ಲ ಕಣವ್ವ" ಎಂದು ನಕ್ಕರು. ಅವ್ವನೂ ನಕ್ಕಳು. ಆಮೇಲೆ ಪರೀಕ್ಷೆ ಮಾಡಿಸಿದರೆ ಮೈತುಂಬ ಸಕ್ಕರೆ. ಗಾಯ ಮಾಯಲಿಲ್ಲ. ಸಂಕ್ರಾಂತಿ ಕಳೆದು ಶಿವರಾತ್ರಿ ಬರುವಷ್ಟರಲ್ಲಿ ಅಪ್ಪನ ಪಾದ ತೆಗೆದರು.

ಈಗ ನನ್ನ ಬೆರಳು. ನಮ್ಮದು ಸಕ್ಕರೆ ಕಾಯಿಲೆಯ ವಂಶ, ದೊಡ್ಡಪ್ಪನಿಗೂ ಇತ್ತು. ಲ್ಯಾಬಿನಲ್ಲಿ ನನ್ನ ಕೈಗೆಟುಕುವ ದೂರದಲ್ಲೇ ಮಿಷನ್ನಿದೆ, ಒಂದು ಹನಿ ರಕ್ತ ಹಾಕಿದರೆ ಆಯಿತು. ಹಾಕಲಿಲ್ಲ. ದಿನಕ್ಕೆ ಹತ್ತಾರು ಜನಕ್ಕೆ "ಬೇಗ ತೋರ್ಸಿದ್ರೆ ಒಳ್ಳೇದಲ್ವಾ" ಎಂದು ಉಪದೇಶ ಮಾಡುತ್ತಿದ್ದವಳು ನಾನೇ. ಮನೆಯಲ್ಲಿ ಕಾಫಿಗೆ ಸಕ್ಕರೆ ನಿಲ್ಲಿಸಿದೆ, ಕೇಳಿದರೆ ತೂಕ ಇಳಿಸಬೇಕು ಎಂದೆ. ನಾಲೆಯ ಪಕ್ಕದ ಆಲೆಮನೆಯಲ್ಲಿ ಆಗ ಬೆಲ್ಲ ಇಳಿಸುವ ಕಾಲ. ಒಂದು ಫರ್ಲಾಂಗು ದೂರದಿಂದಲೇ ಆ ಪಾಕದ ವಾಸನೆ. ಆಲೆಮನೆಯ ನಿಂಗೇಗೌಡರು ನನ್ನನ್ನು ಕಂಡಾಗಲೆಲ್ಲ ಬಾಳೆಎಲೆಯ ಚೂರಿನಲ್ಲಿ ಬಿಸಿಬೆಲ್ಲ ಹಿಡಿದು, "ನಿಂತ್ಕೊಳವ್ವ ಗಾಲಿ ಗೌಡ್ತಿ, ಒಂದ್ ಚೂರು ಬಾಯ್ಗಾಕ್ಕೊಂಡು ಓಗು" ಎನ್ನುತ್ತಿದ್ದರು. ನಾನು ಕೈಯಾಡಿಸಿ ಮುಂದೆ ಹೋಗುತ್ತಿದ್ದೆ.

ಮನಸ್ಸು ಎಷ್ಟು ಕಳ್ಳ ನೋಡಿ. ತಪ್ಪು ಕಾಲಿನದಲ್ಲ, ಸ್ಕೇಟ್ಸಿನದು ಎಂದು ನನಗೆ ನಾನೇ ಹೇಳಿಕೊಂಡು ಹೊಸದನ್ನು ಹುಡುಕಲು ಕೂತೆ. ಹಳೆಯದರ ಚಕ್ರವೂ ಒಂದು ಪಕ್ಕ ಸವೆದು, ಬೇರಿಂಗು ಮರಳು ತಿಂದು ಕಿರುಗುಟ್ಟುತ್ತಿತ್ತು, ಹಾಗಾಗಿ ನೆಪವೂ ಗಟ್ಟಿಯಾಗಿತ್ತು. ದೀಪಾವಳಿಯಿಂದ ಎರಡು ವಾರ ಫೋನು ಕೆಳಗಿಡಲಿಲ್ಲ. ಸಣ್ಣ ಚಕ್ರ ನಾಲ್ಕಿರುವುದೋ, ದೊಡ್ಡ ಚಕ್ರ ಮೂರಿರುವುದೋ? ನಾಲ್ಕಿದ್ದರೆ ನೆಲಕ್ಕೆ ಹತ್ತಿರ, ಭದ್ರ. ಮೂರು ದೊಡ್ಡದಾದರೆ ಜಲ್ಲಿ ಮೇಲೆದ್ದ ರಸ್ತೆಯಲ್ಲೂ ಉರುಳಿಕೊಂಡು ಹೋಗುತ್ತದೆ, ಒಂದು ಸಲ ತಳ್ಳಿದರೆ ದೂರ ಹೋಗುತ್ತದೆ, ದೂರದ ಓಟಕ್ಕೆ ಅದೇ ಮೇಲು. ಬೂಟು ಮೆತ್ತಗಿರಬೇಕೋ ಗಟ್ಟಿಯಿರಬೇಕೋ, ಹಿಮ್ಮಡಿಯ ಬ್ರೇಕು ಬೇಕೋ ಬೇಡವೋ? ನಮ್ಮ ಮನೆಯವರು ಕುಮಾರ್ ಮೋಟಾರು ಪಂಪು ರಿಪೇರಿ ಮಾಡುವವರು, ಅವರಿಗೂ ಬೇರಿಂಗಿನ ಬಗ್ಗೆ ಪಾಠ ಮಾಡಿದೆ. ಕೊನೆಗೆ ಅವರು, "ಹೇಮಗಿರಿ ಜಾತ್ರೇಲಿ ಎತ್ತು ಕೊಳ್ಳೋರೂ ಇಷ್ಟೊಂದು ಸುಳಿ ನೋಡಕಿಲ್ಲ ಕಣೆ" ಎಂದರು.

ಇಷ್ಟೆಲ್ಲ ನೋಡಿದವಳು ಒಂದನ್ನು ಮಾತ್ರ ಯೋಚಿಸಲೇ ಇಲ್ಲ. ಸೈಜು ಕೇಳುವ ಜಾಗದಲ್ಲಿ ಬೆರಳು ತಾನಾಗಿಯೇ ಏಳು ಒತ್ತಿತು. ನನ್ನ ಕಾಲು ಐದು. ಹಳೆಯ ಸ್ಕೇಟ್ಸು ಆರು. ಆದರೂ ಜೋಮು ಹಿಡಿಯುತ್ತದೆ ಎಂದರೆ ಬಿಗಿಯಾಗಿದೆ ಎಂದು ತಾನೇ ಅರ್ಥ, ಇನ್ನೊಂದು ಸೈಜು ಮೇಲಕ್ಕೆ ಹೋಗೋಣ ಎಂಬ ಲೆಕ್ಕ. ಈ ಲೆಕ್ಕ ನಮಗೆ ಹುಟ್ಟಿನಿಂದ ಬಂದದ್ದು. ಜೂನಿನಲ್ಲಿ ಸ್ಕೂಲು ಶೂ ಕೊಡಿಸುವಾಗ ಅಪ್ಪ ಅಂಗಡಿಯವರಿಗೆ ಹೇಳುತ್ತಿದ್ದದ್ದು ಒಂದೇ ಮಾತು: "ಬೆಳೆಯೋ ಕಾಲು, ಒಂದ್ ಸೈಜು ಮುಂದಿಂದೇ ಕೊಡಿ." ಮುಂದೆ ಹತ್ತಿ ತುರುಕಿ, ಲೇಸು ಬಿಗಿದು ಕಟ್ಟಿಕೊಂಡು ಹೋಗುತ್ತಿದ್ದೆವು. ಶೂ ಸರಿಯಾಗುವ ಹೊತ್ತಿಗೆ ಹರಿದಿರುತ್ತಿತ್ತು. ನಮ್ಮಲ್ಲಿ ಕಾಲಿಗೆ ಸರಿಯಾದ ಶೂ ಹಾಕಿ ಬೆಳೆದವರು ಯಾರಿದ್ದಾರೋ ನನಗಂತೂ ಗೊತ್ತಿಲ್ಲ. ನಲವತ್ತೊಂದನೇ ವಯಸ್ಸಿನಲ್ಲೂ ನನ್ನ ಕಾಲು ಬೆಳೆಯುತ್ತಲೇ ಇತ್ತು.

ಹೊಸ ಸ್ಕೇಟ್ಸ್ ಬಂತು. ಮೂರು ದೊಡ್ಡ ಚಕ್ರದ್ದು, ಕಪ್ಪು ಬಣ್ಣ, ನೋಡಲು ಚೆಂದವೋ ಚೆಂದ. ಎರಡೆರಡು ಜೊತೆ ಸಾಕ್ಸು ಹಾಕಿ, ಒಳಗೆ ಕಾಲು ಆಡದಂತೆ ಲೇಸು ಜಗ್ಗಿ, ಮೇಲಿನ ಪಟ್ಟಿಯನ್ನು ಹಲ್ಲು ಕಚ್ಚಿ ಬಿಗಿದು ಹೊರಟೆ. ಗಾಲಿಯೇನೋ ಬೆಣ್ಣೆಯ ಮೇಲೆ ಹೋದಂತೆ ಹೋಯಿತು. ಆದರೆ ಐದನೇ ಕಲ್ಲಿಗೇ ಜೋಮು ಬಂತು. ಎಂಟನೆಯದಕ್ಕೆ ಬರುವಷ್ಟರಲ್ಲಿ ಪಾದವೇ ಇಲ್ಲ. ಕಣ್ಣಲ್ಲಿ ನೀರು ಬಂತು. ದೊಡ್ಡ ಸೈಜಿನ ಶೂನಲ್ಲೂ ಜೋಮು ಹಿಡಿಯುತ್ತದೆ ಎಂದಮೇಲೆ ಶೂ ಮೇಲೆ ಇನ್ನು ಏನು ಅಂತ ತಪ್ಪು ಹೊರಿಸುವುದು? ಆಯಿತು, ಅಪ್ಪನ ದಾರಿಯೇ ನನ್ನದೂ ಎಂದು ತೀರ್ಮಾನಿಸಿಬಿಟ್ಟೆ.

ಮಾರನೇ ದಿನ ಲ್ಯಾಬು ಮುಗಿದ ಮೇಲೆ ಅಳುಮುಖ ಹೊತ್ತುಕೊಂಡು ಮನೆಗೆ ಹೋಗಲು ಮನಸ್ಸಾಗದೆ ಶ್ರೀರಂಗಪಟ್ಟಣಕ್ಕೆ ಬಸ್ಸು ಹತ್ತಿದೆ. ಅಲ್ಲಿ ಪೇಟೆ ಬೀದಿಯಲ್ಲಿ ಅಜೀಜ್ ಚಾಚಾ ಅವರದು ಚಪ್ಪಲಿ ಅಂಗಡಿ. ನಮ್ಮ ಸ್ಕೂಲು ಶೂಗಳೆಲ್ಲ ಅಲ್ಲಿಯವೇ. ಅಪ್ಪನಿಗೆ ಜೋಮು ಜಾಸ್ತಿಯಾದಾಗ, ಕಾಲು ಹೋಗುವ ಮುಂಚೆ, ಮೆತ್ತನೆ ಅಟ್ಟೆಯ ಚಪ್ಪಲಿ ಹೊಲಿದುಕೊಟ್ಟವರೂ ಅವರೇ. ಅಂಥದ್ದೇ ಒಂದು ಜೊತೆ ನನಗೂ ಕೇಳೋಣ ಎಂಬುದು ನನ್ನ ಯೋಚನೆ. ಯಾರಿಗೂ ಹೇಳದಿದ್ದುದನ್ನು ಅವರ ಮುಂದೆ ಸ್ಟೂಲಿನ ಮೇಲೆ ಕೂತು ಹೇಳಿಬಿಟ್ಟೆ. ಅವರು ಕನ್ನಡಕ ಏರಿಸಿಕೊಂಡು ನನ್ನ ಪಾದ ಮಡಿಲಿಗೆ ತಗೊಂಡರು. ಪಾದದ ಮೇಲುಭಾಗದಲ್ಲಿ ಹಿಂದಿನ ದಿನ ಪಟ್ಟಿ ಕಚ್ಚಿದ ಗೆರೆ ಇನ್ನೂ ಕೆಂಪಗೆ ಎದ್ದು ಕೂತಿತ್ತು.

"ಇದೇನು ಬೇಟಿ, ಹಗ್ಗ ಕಟ್ದಂಗೆ?"

"ಅದು ಸ್ಕೇಟ್ಸ್ ಪಟ್ಟೀದು ಚಾಚಾ. ಬಿಗಿಯಾಗಿ ಹಾಕ್ದಿದ್ರೆ ಕಾಲು ಒಳಗೆ ಓಡಾಡ್ತದೆ."

"ಯಾಕೆ ಓಡಾಡ್ತದೆ? ಎಷ್ಟು ಸೈಜು ಅದು?"

"ಏಳು."

ಚಾಚಾ ನನ್ನ ಮುಖ ನೋಡಿದರು. ಒಂದು ಬಿಳಿ ಹಾಳೆ ತೆಗೆದು ನೆಲದ ಮೇಲಿಟ್ಟು, ಅದರ ಮೇಲೆ ನನ್ನನ್ನು ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲ್ಲು ಎಳೆದರು. "ಸಂಜೆ ಬಂದಿದ್ದು ಒಳ್ಳೇದಾಯ್ತು. ಬೆಳಗ್ಗೆ ಅಳತೆ ತಗೊಂಡ್ರೆ ಸುಳ್ಳು ಹೇಳ್ತದೆ ಕಾಲು" ಎಂದು ಗೊಣಗಿಕೊಂಡರು. ಹಾಳೆ ಎತ್ತಿ ಸ್ಕೇಲಿಟ್ಟು ತೋರಿಸಿದರು. "ಐದು. ನಿಂಗೆ ಹದಿನಾರು ವರ್ಸ ಆದಾಗ್ಲೂ ಐದೇ. ನಿಮ್ಮಪ್ಪಾರು ಆರು ಕೊಡಿ ಅನ್ನೋರು, ನಾನೂ ಕೊಡ್ತಿದ್ದೆ. ಅವ್ರು ಒಂದು ದೊಡ್ಡದು ತಗೊಂಡ್ರು, ನೀನು ಎರಡು ದೊಡ್ಡದು ತಗೊಂಡೆ. ಒಳಗೆ ಕಾಲು ನಿಲ್ಲಲ್ಲ, ಅದಕ್ಕೆ ಮೇಲಿಂದ ಕಟ್ಟಿ ಹಾಕ್ತಿದೀಯ. ರಕ್ತ ಎಲ್ಲಿಂದ ಹೋಗ್ಬೇಕು ಬೆರಳಿಗೆ?"

ನನಗೆ ನಂಬಿಕೆ ಬರಲಿಲ್ಲ. ಅಷ್ಟು ಸುಲಭವಾಗಿದ್ದರೆ ಇಷ್ಟು ದಿನ ನಾನು ಅತ್ತದ್ದೆಲ್ಲ ಏನು?

"ಬಿಚ್ಚಿದ ಮೇಲೆ ಎಷ್ಟೊತ್ತಿಗೆ ಸರಿಹೋಗ್ತದೆ?" ಎಂದು ಕೇಳಿದರು.

"ಐದು, ಹತ್ತು ನಿಮಿಷ."

"ನಿಮ್ಮಪ್ಪಾರ್ದು ಸರಿಹೋಗ್ತಾನೇ ಇರ್ಲಿಲ್ಲ ಬೇಟಿ" ಎಂದರು ಚಾಚಾ ಮೆಲ್ಲಗೆ. "ಮಲಗಿದ್ರೂ ಇರ್ತಿತ್ತು, ಎದ್ರೂ ಇರ್ತಿತ್ತು. ನಾನು ಡಾಕ್ಟ್ರಲ್ಲ. ಅಳತೆಗೆ ಸರಿಯಾದ್ದು ಹಾಕ್ಕೊಂಡು ನೋಡು. ಆದ್ರೆ ಒಂದು ಮಾತು ಕೊಡು. ಜೋಮು ಬಂದ್ರೂ ರಕ್ತ ಪರೀಕ್ಷೆ ಮಾಡ್ಸು, ಬರ್ದಿದ್ರೂ ಮಾಡ್ಸು."

ಮಾತು ಕೊಟ್ಟೆ. ಆ ಹಾಳೆಯನ್ನು ಮಡಿಚಿ ಕೊಟ್ಟರು, ಬ್ಯಾಗಿನಲ್ಲಿಟ್ಟುಕೊಂಡೆ. ಮೆತ್ತನೆ ಚಪ್ಪಲಿ ಮಾತ್ರ ಕೊಡಲಿಲ್ಲ.

ಬಳಸಿದ ಸ್ಕೇಟ್ಸನ್ನು ವಾಪಸು ತಗೊಳ್ಳುವುದಿಲ್ಲ ಎಂದರು ಮಾರಿದವರು, ನ್ಯಾಯವೇ. ಕುಮಾರ್ ಅವರ ಕಾಲು ಏಳು. ವಿಷಯವನ್ನೆಲ್ಲ ಅವರಿಗೆ ಹೇಳಿದ್ದೂ ಅವತ್ತೇ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು "ನಂಗ್ಯಾಕೆ ಹೇಳ್ನಿಲ್ಲ ನೀನು" ಎಂದು ಒಂದೇ ಮಾತು ಕೇಳಿ, ಆ ಸ್ಕೇಟ್ಸು ಕಟ್ಟಿಕೊಂಡು ಅಂಗಳದಲ್ಲಿ ಎದ್ದು ನಿಂತರು. ಹುಟ್ಟಿದ ಕರು ಮೊದಲ ಸಲ ಎದ್ದು ನಿಂತಂತೆ ನಾಲ್ಕೂ ಕಡೆ ತೂರಾಡಿ ತುಳಸಿಕಟ್ಟೆ ತಬ್ಬಿಕೊಂಡರು. ಆ ತಿಂಗಳಲ್ಲಿ ನಾನು ಮನಸಾರೆ ನಕ್ಕದ್ದು ಅದೇ ಮೊದಲು.

ಮುಂದಿನ ಶನಿವಾರ ಸಂಜೆ ಇಬ್ಬರೂ ಮೈಸೂರಿನ ಸ್ಕೇಟ್ಸ್ ಅಂಗಡಿಗೆ ಹೋದೆವು. ಚಾಚಾನ ಹಾಳೆ ಬಿಚ್ಚಿ ಮೇಜಿನ ಮೇಲಿಟ್ಟೆ. ಅಂಗಡಿಯ ಹುಡುಗಿ ಅದನ್ನು ನೋಡಿ ನಗಲಿಲ್ಲ, ನೇರವಾಗಿ ಐದು ತಂದಳು. ಒಂದೇ ಸಾಕ್ಸು, ಅದೂ ತೆಳ್ಳನೆಯದು. ಹಾಕಿ ನಿಂತರೆ ಬೆರಳಿನ ತುದಿ ಮುಂದೆ ತಾಗಿತು. "ಚಿಕ್ಕದಾಯ್ತು ಕಣಮ್ಮ, ತಾಗ್ತಿದೆ" ಎಂದೆ. "ಮಂಡಿ ಬಗ್ಗಿಸಿ ಆಂಟಿ, ಸ್ಕೇಟ್ ಮಾಡೋವಾಗ ನಿಲ್ತೀರಲ್ಲ ಹಂಗೆ" ಎಂದಳು. ಬಗ್ಗಿಸಿದೆ. ಹಿಮ್ಮಡಿ ಹಿಂದಕ್ಕೆ ಹೋಗಿ ಕಚ್ಚಿಕೊಂಡಿತು, ಬೆರಳು ಒಂದು ಎಳೆಯಷ್ಟು ಹಿಂದೆ ಸರಿದವು. ಪಟ್ಟಿಯನ್ನು ಸುಮ್ಮನೆ ಒರಗಿಸಿದರೆ ಸಾಕು, ಕಾಲು ಅಲುಗಲಿಲ್ಲ. ಅರ್ಧ ಗಂಟೆ ಅದನ್ನೇ ಹಾಕಿಕೊಂಡು ಕೂತಿರಲು ಬಿಟ್ಟಳು. ನಾಲ್ಕು ಚಕ್ರದ್ದೂ ಹಾಕಿ ನೋಡಿದೆ. ಏಳನೇ ಸೈಜಿನದರಲ್ಲಿ ಪಾದದ ಕೀಲು ಅಲ್ಲಾಡುತ್ತಿದ್ದುದಕ್ಕೆ ದೊಡ್ಡ ಚಕ್ರವನ್ನು ಬೈದುಕೊಂಡಿದ್ದೆ. ಈಗ ನೋಡಿದರೆ ಚಕ್ರದ್ದೇನೂ ತಪ್ಪಿರಲಿಲ್ಲ. ಮೂರು ಚಕ್ರದ್ದನ್ನೇ ತಗೊಂಡೆ.

ಮಾರನೇ ದಿನ ಭಾನುವಾರ. ಬೆಳಗ್ಗೆ ಆರಕ್ಕೇ ಹೊರಡಬೇಕಾದವಳು ಅಡುಗೆಮನೆಯಲ್ಲಿ ಇಲ್ಲದ ಕೆಲಸ ಹುಡುಕಿಕೊಂಡು ಒಂಬತ್ತು ಮಾಡಿದೆ. ಎಂಟನೇ ಕಲ್ಲಿನ ಹತ್ತಿರ ಏನಾಗುತ್ತದೋ ಎಂಬ ಭಯ. ಕುಮಾರ್ ಬೈಕು ತೆಗೆದು, "ನಡೀ, ಹಿಂದೇನೇ ಬತ್ತೀನಿ" ಎಂದರು. ಮಂಜು ಹರಿದು ನಾಲೆ ನೀರು ಹೊಳೆಯುತ್ತಿತ್ತು. ಮೊದಲ ನಾಲ್ಕು ಕಲ್ಲು ನಾನು ಭತ್ತದ ಗದ್ದೆಯನ್ನೂ ನೋಡಲಿಲ್ಲ, ಕೊಕ್ಕರೆಯನ್ನೂ ನೋಡಲಿಲ್ಲ. ಪೂರ್ತಿ ಗಮನ ಬೆರಳಿನ ಮೇಲೆ. ಐದು ದಾಟಿತು. ಆಲೆಮನೆ ದಾಟಿತು, ಗೌಡರು ಕೈ ಎತ್ತಿದ್ದು ಕಣ್ಣಂಚಿನಲ್ಲಿ ಕಂಡಿತು. ಆರು. ಏಳು. ಬೂಟಿನೊಳಗೆ ಬೆರಳುಗಳನ್ನು ಒಂದೊಂದಾಗಿ ಆಡಿಸಿ ನೋಡಿದೆ, ಎಲ್ಲವೂ ಮಾತು ಕೇಳಿದವು. ಎಂಟನೇ ಕಲ್ಲು ಕಂಡಾಗ ಇನ್ನೊಂದು ಸಲ ಆಡಿಸಿದೆ. ಕಲ್ಲು ಪಕ್ಕದಲ್ಲಿ ಹಾದು ಹಿಂದೆ ಹೋಯಿತು. ಜೋಮಿಲ್ಲ.

ಇಲ್ಲವೋ, ಅಥವಾ ನನಗೇ ಹಾಗನ್ನಿಸುತ್ತಿದೆಯೋ? ಭಯ ಹಾಗೆಲ್ಲ ಸುಲಭವಾಗಿ ಬಿಡುವುದಿಲ್ಲ. ಇನ್ನೂ ಸ್ವಲ್ಪ ಮುಂದೆ ಹೋದರೆ ತಿರುವಿನಲ್ಲಿ ರಸ್ತೆಗೆ ರಸ್ತೆಯೇ ಹುರುಳಿ. ದಿಣ್ಣೆ ಹೊಲದವರು ಮುಂದಿನ ಊರಿನ ಕೂಡುರಸ್ತೆಯ ತನಕ ಹರವಿದ್ದರು. ಒಬ್ಬ ಹೆಂಗಸು ಕವೆಗೋಲಿನಲ್ಲಿ ತಿರುವಿಹಾಕುತ್ತಿದ್ದಳು. ಸ್ಕೇಟ್ಸಿಗೆ ಹುರುಳಿ ಬಳ್ಳಿಗಿಂತ ಶತ್ರು ಇಲ್ಲ, ಚಕ್ರಕ್ಕೆ ಸುತ್ತಿಕೊಂಡರೆ ಮೂತಿ ನೆಲಕ್ಕೆ. ನಿಂತೆ. ಅಲ್ಲಿಂದಲೇ ವಾಪಸು ತಿರುಗಬಹುದಿತ್ತು. ತಿರುಗಲು ಮನಸ್ಸಾಗಲಿಲ್ಲ. ರಸ್ತೆ ಪಕ್ಕದ ಒಂದು ಕಲ್ಲಿನ ಮೇಲೆ ಕೂತು ಸ್ಕೇಟ್ಸ್ ಬಿಚ್ಚಿದೆ, ಸಾಕ್ಸೂ ಬಿಚ್ಚಿದೆ. ಕುಮಾರ್ ಬೈಕಿನಿಂದ ನನ್ನ ಚಪ್ಪಲಿ ತೆಗೆದುಕೊಟ್ಟರು. ಬೇಡ ಎಂದೆ.

ಹುರುಳಿಯ ಮೇಲೆ ಬರಿಗಾಲಿಟ್ಟೆ.

"ಮೆಟ್ಟು ಇಲ್ದೆ ತುಳೀಬೇಡ ಕಣವ್ವ, ಕಡ್ಡಿ ಚುಚ್ತದೆ" ಎಂದಳು ಆ ಹೆಂಗಸು.

ಚುಚ್ಚಿತು. ಹೆಬ್ಬೆರಳಿಗೆ ಚುಚ್ಚಿತು, ಕಿರುಬೆರಳಿಗೆ ಚುಚ್ಚಿತು, ಅಂಗಾಲಿಗೆ, ಹಿಮ್ಮಡಿಗೆ. ಎಂಟು ಕಿಲೋಮೀಟರು ದಾಟಿ ಬಂದ ಕಾಲು, ಬಿಚ್ಚಿ ಒಂದು ನಿಮಿಷವೂ ಆಗಿರಲಿಲ್ಲ, ಒಂದೊಂದು ಕಡ್ಡಿಯೂ ಎಲ್ಲಿ ತಾಗಿತು ಎಂದು ಬೇರೆಬೇರೆಯಾಗಿ ಗೊತ್ತಾಗುತ್ತಿತ್ತು. "ಚುಚ್ಲಿ ಬುಡಿ ಅಕ್ಕ" ಎಂದೆ. ಆ ಕಡೆಯ ತುದಿಯವರೆಗೆ ನಡೆದು ಹೋಗಿ, ಮತ್ತೆ ಈ ಕಡೆಗೆ ನಡೆದು ಬಂದೆ. ಅಪ್ಪನಿಗೆ ಮುಳ್ಳು ಗೊತ್ತಾಗದ ಆ ದಿನ ನನ್ನ ಎದೆಯಲ್ಲಿ ಎಷ್ಟು ವರ್ಷದಿಂದ ನಾಟಿಕೊಂಡಿತ್ತೆಂದು ನನಗೆ ತಿಳಿದದ್ದು ಆಗಲೇ. ಆ ಹೆಂಗಸು ಕವೆಗೋಲು ಊರಿಕೊಂಡು ಕುಮಾರ್ ಕಡೆ ತಿರುಗಿ, "ಇವ್ರಿಗೇನಾಗದೆ ಸ್ವಾಮಿ?" ಎಂದು ಕೇಳಿದಳು. "ಏನೂ ಆಗಿಲ್ಲ ಕಣಮ್ಮ. ಅದಕ್ಕೇ ಇಂಗಾಡ್ತಾವ್ಳೆ" ಎಂದರು ಅವರು.

ಸೋಮವಾರ ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಹೋಗಿ ಜೊತೆಯ ಸುಜಾತಾಗೆ ತೋಳು ಚಾಚಿದೆ. ಸೂಜಿ ಬಂದಾಗ ಎಲ್ಲರಂತೆ ನಾನೂ ಮುಖ ಆ ಕಡೆ ತಿರುಗಿಸಿದೆ. "ಇರುವೆ ಕಚ್ಚಿದಂಗೆ ಅಲ್ವೇನಕ್ಕ" ಎಂದು ಅವಳು ಚುಡಾಯಿಸಿದಳು. ಖಾಲಿ ಹೊಟ್ಟೆಯದು, ತಿಂಡಿ ಆದ ಮೇಲಿನದು, ಮೂರು ತಿಂಗಳ ಸರಾಸರಿಯದು, ಮೂರೂ ಮಾಡಿಸಿದೆ. ಮೂರೂ ಇರಬೇಕಾದಷ್ಟೇ ಇತ್ತು. ಬೇರೆಯವರ ರಿಪೋರ್ಟನ್ನು ಒಂದು ನೋಟಕ್ಕೆ ಓದುವವಳು ನನ್ನದನ್ನು ನಾಲ್ಕು ಸಲ ಓದಿದೆ, ಮೇಲೆ ಬರೆದ ಹೆಸರು ನನ್ನದೇ ಹೌದೋ ಎಂದೂ ನೋಡಿದೆ. ಆಮೇಲೆ ಔಷಧಿ ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ವಂಶದ ಕಾಯಿಲೆ, ಮುಂದೆಂದೂ ಬರುವುದಿಲ್ಲ ಎಂದು ಯಾರೂ ಬರೆದುಕೊಟ್ಟಿಲ್ಲ. ಅದಕ್ಕೇ ಈಗ ತಪ್ಪದೆ ಪರೀಕ್ಷೆ ಮಾಡಿಸುತ್ತೇನೆ. ಆದರೆ ಹೆದರಿ ಬಚ್ಚಿಟ್ಟುಕೊಳ್ಳುವುದು ಆ ಸೋಮವಾರಕ್ಕೆ ಮುಗಿಯಿತು. ಸಂಜೆ ಚಾಚಾಗೆ ಫೋನು ಮಾಡಿದೆ. "ಶುಕ್ರ್ ಹೈ" ಎಂದು ದೇವರಿಗೆ ವಂದನೆ ಹೇಳಿ, "ಆ ಕಾಗದ ಬಿಸಾಕ್ಬೇಡ, ಮುಂದೆ ಶೂ ತಗೊಳೋಕೆ ಬೇಕಾಯ್ತದೆ" ಎಂದರು. ಮುಂದಿನ ಭಾನುವಾರ ಆಲೆಮನೆಯ ಮುಂದೆ ನಾನಾಗಿಯೇ ಬ್ರೇಕು ಹಾಕಿ ಕೈ ಚಾಚಿದೆ. ನಿಂಗೇಗೌಡರು ಎಲೆಯ ತುಂಬ ಬೆಲ್ಲ ಹಾಕಿಕೊಟ್ಟರು, ಅರ್ಧ ತಿಂದು ಅರ್ಧ ಕುಮಾರ್‌ಗೆ ಕೊಟ್ಟೆ.

ಇಷ್ಟೂ ನೆನಪಾದದ್ದು ಬಸ್ಸಿನ ಪಕ್ಕದಲ್ಲಿ ನಿಂತಿದ್ದಾಗ. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಗೃಹಪ್ರವೇಶಕ್ಕೆಂದು ರೇಷ್ಮೆ ಸೀರೆ ಉಟ್ಟಿದ್ದೆ, ಅದನ್ನು ಸ್ವಲ್ಪ ಎತ್ತಿ ಹಿಡಿದು, ಚಪ್ಪಲಿ ಬಿಟ್ಟು, ಹುರುಳಿಯ ಮೇಲೆ ಹತ್ತು ಹೆಜ್ಜೆ ಹೋಗಿ ಹತ್ತು ಹೆಜ್ಜೆ ಬಂದೆ. ಡ್ರೈವರು ಕೊನೆಯ ಬಳ್ಳಿಯನ್ನೂ ಎಳೆದು ಬಿಸಾಡಿ ಕುಡುಗೋಲು ವಾಪಸು ಕೊಟ್ಟ. "ಹತ್ರವ್ವ ಬೇಗ, ಮೊದ್ಲೇ ಲೇಟಾಗದೆ" ಎಂದ ಕಂಡಕ್ಟರು. ಹತ್ತಿ ಕಿಟಕಿ ಪಕ್ಕ ಕೂತೆ. ಬಸ್ಸು ಹೊರಟಮೇಲೆ ಬಗ್ಗಿ, ಎಡಗಾಲಿನ ಕಿರುಬೆರಳ ಸಂದಿಯಿಂದ ಒಂದು ಸಣ್ಣ ಹುರುಳಿ ಕಡ್ಡಿಯನ್ನು ಎಳೆದು ತೆಗೆದೆ. ಅದು ಅಲ್ಲಿ ಸಿಕ್ಕಿಕೊಂಡ ಕ್ಷಣದಿಂದಲೂ ನನಗೆ ಗೊತ್ತಿತ್ತು.